ಪ್ರಿಂಟರ್‌ಗೆ ವಾರಕ್ಕೊಂದು ಪುಟ ಕೊಡಿ

ಏಪ್ರಿಲ್‌ನಲ್ಲಿ ಶಾಲೆಗಳಿಗೆ ರಜೆ ಬಿದ್ದರೆ ಮನೆಯ ಪ್ರಿಂಟರ್‌ಗೂ ರಜೆ. ಪ್ರಾಜೆಕ್ಟ್‌ಗೆ ಚಿತ್ರ ಬೇಕಿಲ್ಲ, ವರ್ಕ್‌ಶೀಟ್ ಬೇಕಿಲ್ಲ, ಮಕ್ಕಳು ಊರಿಗೆ ಹೊರಟಿರುತ್ತಾರೆ. ಧೂಳು ಕೂರದಿರಲಿ ಎಂದು ಮೇಲೊಂದು ಬಟ್ಟೆ ಹೊದಿಸಿ, ಗೋಡೆಯ ಸ್ವಿಚ್ ಆರಿಸಿ ಬಿಟ್ಟುಬಿಡುತ್ತೇವೆ. ಶಾಲೆ ಮತ್ತೆ ಶುರುವಾಗುವ ಹೊತ್ತಿಗೆ ವಾರಗಟ್ಟಲೆ ಕಾಲ ಕಳೆದಿರುತ್ತದೆ. ಮೊದಲ ಪುಟ ಹೊರಬಂದಾಗ ಸಾಲುಗಳ ಮೇಲೆ ಬಿಳಿ ಗೆರೆಗಳು, ಬಾವುಟದ ಕೇಸರಿ ಬರೀ ಹಳದಿ, ಕಪ್ಪು ಅರೆಬರೆ. ಕ್ಲೀನಿಂಗ್ ಕೊಟ್ಟು ನೋಡುತ್ತೇವೆ, ಮತ್ತೊಮ್ಮೆ ಕೊಡುತ್ತೇವೆ, ಕೊನೆಗೆ ರಿಪೇರಿಯವರ ಬಳಿ ಒಯ್ಯುತ್ತೇವೆ. ಹೆಡ್ ಹೋಗಿದೆ, ಹೊಸದು ಹಾಕಿಸುವ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿದರೆ ಪ್ರಿಂಟರೇ ಬರುತ್ತದೆ ಎನ್ನುತ್ತಾರೆ ಅವರು. ಈ ಕಂಪನಿಯ ಮಷೀನೇ ಸರಿಯಿಲ್ಲ ಎಂಬ ತೀರ್ಮಾನಕ್ಕೆ ಬರುತ್ತೇವೆ. ನನ್ನ ವಾದ ಬೇರೆ. ಮನೆಗಳಲ್ಲಿ ಹೀಗೆ ಕೈಕೊಡುವ ಇಂಕ್‌ಜೆಟ್‌ಗಳು ಬಳಸಿ ಸವೆದವಲ್ಲ, ಉಳಿಸಲು ಹೋಗಿ ಹಾಳಾದವು. ಶಾಯಿ ದುಬಾರಿ, ಆದಷ್ಟು ಕಡಿಮೆ ಮುದ್ರಿಸೋಣ ಎಂಬ ನಮ್ಮ ಹಿಡಿತವೇ ಈ ಯಂತ್ರದ ಮಟ್ಟಿಗೆ ಅತಿದೊಡ್ಡ ಖರ್ಚು.

ಯಾಕೆ ಹೀಗೆ ಎನ್ನುವುದಕ್ಕೆ ಪ್ರಿಂಟ್ ಹೆಡ್ ಕೆಲಸ ಮಾಡುವ ಬಗೆಯಲ್ಲೇ ಉತ್ತರವಿದೆ. ಹೆಡ್‌ನ ತಳದಲ್ಲಿ ನೂರಾರು ನಾಜಲ್‌ಗಳಿರುತ್ತವೆ. ಒಂದೊಂದರ ಬಾಯಿಯೂ ತಲೆಗೂದಲಿಗಿಂತ ಸಣ್ಣದು. ಅಲ್ಲಿಂದ ಚಿಮ್ಮುವ ಹನಿಯನ್ನು ಅಳೆಯುವುದು ಪಿಕೋಲೀಟರ್ ಲೆಕ್ಕದಲ್ಲಿ, ಅಂದರೆ ಲೀಟರಿನ ಲಕ್ಷ ಕೋಟಿಯಲ್ಲೊಂದು ಪಾಲು. ಹನಿಯನ್ನು ಹೊರದೂಡಲು ಎರಡು ದಾರಿಗಳಿವೆ. ಎಚ್‌ಪಿ ಮತ್ತು ಕ್ಯಾನನ್ ಹಿಡಿದದ್ದು ಬಿಸಿಯ ದಾರಿ: ನಾಜಲ್ ಹಿಂದಿನ ಪುಟ್ಟ ಹೀಟರ್ ಕ್ಷಣದ ಅತಿಸಣ್ಣ ಭಾಗದಲ್ಲಿ ಶಾಯಿಯನ್ನು ಕಾಯಿಸಿ ಆವಿಯ ಗುಳ್ಳೆ ಎಬ್ಬಿಸುತ್ತದೆ, ಗುಳ್ಳೆ ಉಬ್ಬಿದ ರಭಸಕ್ಕೆ ಹನಿ ಚಿಮ್ಮುತ್ತದೆ. 1977ರಲ್ಲಿ ಕ್ಯಾನನ್‌ನ ಪ್ರಯೋಗಾಲಯದಲ್ಲಿ ಬಿಸಿ ಸೋಲ್ಡರಿಂಗ್ ಕಡ್ಡಿ ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ತಾಗಿ ಶಾಯಿ ಹಾರಿದ್ದೇ ಕ್ಯಾನನ್‌ಗೆ ಈ ಯೋಚನೆ ಹೊಳೆಯಲು ಕಾರಣ. ಎಪ್ಸನ್ ಹಿಡಿದದ್ದು ಪೀಜೋ ದಾರಿ: ವಿದ್ಯುತ್ ಹರಿದಾಗ ಬಾಗುವ ಹರಳು ಶಾಯಿಯನ್ನು ಒತ್ತಿ ಹೊರಗೆ ತಳ್ಳುತ್ತದೆ, ಬಿಸಿಯ ಪ್ರಶ್ನೆಯೇ ಇಲ್ಲ. ದಾರಿ ಯಾವುದಾದರೂ ಶಾಯಿಯ ಬಹುಪಾಲು ನೀರೇ. ಬೇಗ ಒಣಗದಿರಲೆಂದು ಗ್ಲಿಸರಿನ್ ಥರದ ದ್ರವ ಬೆರೆಸಿರುತ್ತಾರಾದರೂ ನಾಜಲ್ ಬಾಯಿ ಗಾಳಿಗೆ ತೆರೆದುಕೊಂಡಿದ್ದರೆ ನೀರು ಆರಿಯೇ ಆರುತ್ತದೆ. ಆರಿದ ಮೇಲೆ ಉಳಿಯುವ ಬಣ್ಣ ಅಂಟಾಗಿ, ಆಮೇಲೆ ಗಟ್ಟಿಯಾಗಿ ಕೂರುತ್ತದೆ. ಮುದ್ರಣ ನಡೆದಾಗಲೆಲ್ಲ ಹಳೆಯ ಶಾಯಿ ಹೋಗಿ ಹೊಸತು ಬರುತ್ತದೆ; ಸೇದುವ ಬಾವಿಯ ನೀರು ತಿಳಿಯಾಗಿರುವ ಹಾಗೆ. ನಿಂತರೆ ಕಟ್ಟಿಕೊಳ್ಳುತ್ತದೆ.

ಇದಕ್ಕೆ ತಯಾರಕರು ಒಂದು ಏರ್ಪಾಡು ಮಾಡಿಯೇ ಇದ್ದಾರೆ, ಅದನ್ನು ಕೆಡಿಸುತ್ತಿರುವವರು ನಾವು. ಪ್ರಿಂಟರ್‌ನದೇ ಪವರ್ ಬಟನ್ ಒತ್ತಿದಾಗ ಏನಾಗುತ್ತದೆ ಎಂದು ಗಮನಿಸಿ. ದೀಪ ತಕ್ಷಣ ಆರುವುದಿಲ್ಲ, ಮಿನುಗುತ್ತದೆ. ಒಳಗೆ ಹೆಡ್ ಹಳಿಯ ಮೇಲೆ ಸರಿದು ಒಂದು ಅಂಚಿಗೆ, ಸಾಮಾನ್ಯವಾಗಿ ಬಲಗಡೆಗೆ ಹೋಗುತ್ತದೆ. ಅಲ್ಲಿ ರಬ್ಬರ್ ಅಂಚಿನ ಪುಟ್ಟ ತೊಟ್ಟಿಯಂಥ ಮುಚ್ಚಳ ಮೇಲೆದ್ದು ನಾಜಲ್‌ಗಳಿಗೆ ಒತ್ತಿಕೊಂಡು ಗಾಳಿಯಾಡದಂತೆ ಮುಚ್ಚುತ್ತದೆ. ಆ ಮುಚ್ಚಳದೊಳಗಿನ ತೇವವೇ ನಾಜಲ್‌ಗಳನ್ನು ಕಾಯುವುದು. ಇದೆಲ್ಲ ಮುಗಿಯಲು ಕೆಲವು ಸೆಕೆಂಡು ಬೇಕು, ಆಮೇಲಷ್ಟೇ ದೀಪ ಆರುತ್ತದೆ. ಮಿಕ್ಸಿ, ಟಿ.ವಿ., ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ಗೋಡೆಯ ಸ್ವಿಚ್‌ನಲ್ಲೇ ಆರಿಸಿ ರೂಢಿಯಾದ ಕೈ ಪ್ರಿಂಟರ್‌ಗೂ ಅದನ್ನೇ ಮಾಡುತ್ತದೆ. ಕೆಲಸದ ನಡುವೆ ಹಾಗೆ ಆರಿಸಿದರೆ ಹೆಡ್ ಹಳಿಯ ಮಧ್ಯದಲ್ಲಿ ಬಾಯಿ ತೆರೆದುಕೊಂಡು ನಿಂತುಬಿಡುತ್ತದೆ. ಕರೆಂಟ್ ಹೋದಾಗಲೂ ಇದೇ ಕಥೆ. ಹಾಗಾಗಿ ಮುದ್ರಣದ ಮಧ್ಯೆ ವಿದ್ಯುತ್ ಹೋದರೆ, ಬಂದ ಕೂಡಲೇ ಒಮ್ಮೆ ಆನ್ ಮಾಡಿ ಬಟನ್ನಿನಿಂದಲೇ ಆಫ್ ಮಾಡಬೇಕು. ಒಂದು ರೂಪಾಯಿ ಖರ್ಚಿಲ್ಲದ ಈ ಅಭ್ಯಾಸದಿಂದ ಆಗುವಷ್ಟು ಉಪಯೋಗ ಯಾವ ಕ್ಲೀನಿಂಗ್ ದ್ರಾವಣದಿಂದಲೂ ಆಗದು.

ನಮ್ಮ ಹವಾಮಾನವೂ ಇದಕ್ಕೆ ಸೇರಿಕೊಳ್ಳುತ್ತದೆ. ಮನೆಬಳಕೆಯ ಇಂಕ್‌ಜೆಟ್‌ಗಳ ಕೈಪಿಡಿಗಳಲ್ಲಿ ಕೆಲಸಕ್ಕೆ ಸೂಕ್ತ ಉಷ್ಣಾಂಶ ಸುಮಾರು 35 ಡಿಗ್ರಿ ಸೆಲ್ಸಿಯಸ್‌ವರೆಗೆ, ಆರ್ದ್ರತೆ ಶೇ 80ರವರೆಗೆ ಎಂದು ಇರುತ್ತದೆ. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ಹೊರಗಿನ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ಪಸೆ ಇರುವುದಿಲ್ಲ. ಮಂಗಳೂರು, ಉಡುಪಿಯ ಜುಲೈಯಲ್ಲಿ ಆರ್ದ್ರತೆ ಶೇ 80 ಮೀರುವುದು ವಿಶೇಷವೇ ಅಲ್ಲ. ಬಯಲುಸೀಮೆಯ ಬೇಸಿಗೆ ಶಾಯಿಯನ್ನು ಒಣಗಿಸಿದರೆ ಕರಾವಳಿಯ ಮಳೆಗಾಲ ಕಾಗದವನ್ನು ಕೆಡಿಸುತ್ತದೆ. ತೇವ ಹೀರಿದ ಹಾಳೆ ಅಂಚಿನಲ್ಲಿ ಸುರುಳಿ ಸುತ್ತಿಕೊಳ್ಳುತ್ತದೆ, ಎರಡೆರಡು ಒಟ್ಟಿಗೆ ಒಳಹೋಗಿ ಸಿಕ್ಕಿಕೊಳ್ಳುತ್ತವೆ, ಶಾಯಿ ನಾರಿನಗುಂಟ ಹರಡಿ ಅಕ್ಷರ ಮಸುಕಾಗುತ್ತದೆ. ಮಳೆಗಾಲದಲ್ಲಿ ಟ್ರೇಯಲ್ಲಿ ಅಂದಿಗೆ ಬೇಕಾದಷ್ಟು ಹಾಳೆ ಇಟ್ಟು ಉಳಿದ ರೀಮನ್ನು ಪೊಟ್ಟಣದಲ್ಲೇ ಮಡಿಸಿಡುವುದಷ್ಟೇ ಇದಕ್ಕೆ ಪರಿಹಾರ. ಬೇಸಿಗೆಯದ್ದು ಅದಕ್ಕಿಂತ ಗಂಭೀರ ಸಮಸ್ಯೆ, ಏಕೆಂದರೆ ನಮ್ಮ ಶಾಲಾ ಕ್ಯಾಲೆಂಡರ್ ಪ್ರಿಂಟರ್‌ನ್ನು ಸುಮ್ಮನೆ ಕೂರಿಸುವುದು ವರ್ಷದ ಅತಿ ಒಣ ವಾರಗಳಲ್ಲೇ. ಊರಿಗೆ ಹೋಗುವ ಮುನ್ನ ಒಂದು ಬಣ್ಣದ ಪುಟ, ಬಂದ ದಿನವೇ ಇನ್ನೊಂದು. ಮನೆಯಲ್ಲಿ ಯಾರಾದರೂ ಉಳಿದಿದ್ದರೆ ನಡುವೆ ವಾರಕ್ಕೊಂದು. ಕಿಟಕಿಯ ಬಿಸಿಲು, ಫ್ಯಾನಿನ ನೇರ ಗಾಳಿ ತಾಗದ ಜಾಗ ಕೊಟ್ಟರೆ ಇನ್ನೂ ಒಳ್ಳೆಯದು.

ಇಷ್ಟೆಲ್ಲ ಯಾಕೆ, ಕಟ್ಟಿಕೊಂಡರೆ ಕ್ಲೀನಿಂಗ್ ಕೊಟ್ಟರಾಯಿತಲ್ಲ ಎನ್ನಬಹುದು. ಹಣ ಸೋರಿಹೋಗುವುದು ಸರಿಯಾಗಿ ಅಲ್ಲೇ. ಹೆಡ್ ಕ್ಲೀನಿಂಗ್ ಎಂದರೆ ನೀರಿನಿಂದ ತೊಳೆಯುವುದಲ್ಲ. ಒಳಗಿನ ಪಂಪು ಮುಚ್ಚಳದ ಮೂಲಕ ನಾಜಲ್‌ಗಳಿಂದ ಶಾಯಿಯನ್ನೇ ಹೀರಿ, ಕೊಳವೆಯಲ್ಲಿ ಹರಿಸಿ, ಪ್ರಿಂಟರ್ ತಳದಲ್ಲಿರುವ ಸ್ಪಂಜಿನಂಥ ಪ್ಯಾಡ್‌ಗೆ ಸುರಿಯುತ್ತದೆ. ನಾವು ಕೊಂಡ ಶಾಯಿ ಕಾಗದವನ್ನೇ ಕಾಣದೆ ಕಸವಾಗುತ್ತದೆ. 2013ರಲ್ಲಿ ಅಮೆರಿಕದ ಗ್ರಾಹಕ ಸಂಸ್ಥೆ ಕನ್ಸ್ಯೂಮರ್ ರಿಪೋರ್ಟ್ಸ್, ದಿನವೂ ಅಲ್ಲದೆ ಆಗಾಗ ಕೆಲವೇ ಪುಟ ಮುದ್ರಿಸುವ ಮನೆಗಳ ರೀತಿಯಲ್ಲೇ ಪ್ರಿಂಟರ್‌ಗಳನ್ನು ಪರೀಕ್ಷಿಸಿತು. ಅನೇಕ ಮಾದರಿಗಳಲ್ಲಿ ಪುಟ ತಲುಪಿದ್ದು ಶಾಯಿಯ ಅರ್ಧ ಅಥವಾ ಅದಕ್ಕೂ ಕಡಿಮೆ. ಉಳಿದದ್ದು ಹೆಡ್‌ನ ಶುಚಿತ್ವಕ್ಕೆ ಹೋಯಿತು. ಪೆಟ್ಟಿಗೆಯ ಮೇಲೆ ಅಚ್ಚಾಗುವ ಪುಟಗಳ ಲೆಕ್ಕದಲ್ಲಿ ಈ ಸೋರಿಕೆ ಕಾಣುವುದಿಲ್ಲ. ಆ ಲೆಕ್ಕಕ್ಕೆ ಆಧಾರವಾದ ಐಎಸ್‌ಒ 24711 ಪರೀಕ್ಷೆಯಲ್ಲಿ ಪುಟಗಳನ್ನು ಒಂದರ ಹಿಂದೊಂದು ನಿಲ್ಲಿಸದೆ ಮುದ್ರಿಸಲಾಗುತ್ತದೆ. ಯಾವ ಮನೆಯೂ ಹಾಗೆ ಮುದ್ರಿಸುವುದಿಲ್ಲ. ಕಪ್ಪು ಕಾರ್ಟ್ರಿಜ್‌ಗೆ 120 ಪುಟ ಎಂದು ಬರೆದಿರುವ ಅಗ್ಗದ ಪ್ರಿಂಟರ್‌ನಲ್ಲಿ ಎರಡು ತಿಂಗಳಿಗೊಮ್ಮೆ ನಾಲ್ಕು ಪುಟ ತೆಗೆಯುವ ಮನೆಗೆ ಆ 120ರ ಹತ್ತಿರವೂ ಸಿಗದೆ ಹೋದರೆ ಅಚ್ಚರಿಯಿಲ್ಲ.

ವಾರಕ್ಕೊಂದು ಪುಟ ಎಂದರೆ ಏನನ್ನಾದರೂ ಮುದ್ರಿಸುವುದಲ್ಲ. ನಾಲ್ಕೂ ಬಣ್ಣಗಳು, ಅಂದರೆ ಕಪ್ಪು, ಹಳದಿ, ಮೆಜೆಂಟಾ, ಸಯಾನ್, ಹರಿಯಬೇಕು. ಕಪ್ಪು ಅಕ್ಷರಗಳನ್ನಷ್ಟೇ ಮುದ್ರಿಸುವ ಮನೆಯಲ್ಲಿ ಮೊದಲು ಕಟ್ಟಿಕೊಳ್ಳುವುದು ಬಳಸದ ಬಣ್ಣಗಳೇ. ಪ್ರಿಂಟರ್‌ನ ಮೇಂಟೆನೆನ್ಸ್ ಮೆನುವಿನಲ್ಲಿರುವ ನಾಜಲ್ ಚೆಕ್ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಎಲ್ಲ ನಾಜಲ್‌ಗಳಿಂದಲೂ ಒಂದೊಂದು ಪುಟ್ಟ ಗೆರೆ ಎಳೆಸಿ ಅದು ಮುಗಿಯುತ್ತದೆ. ಅದಕ್ಕೆ ತಗಲುವ ಶಾಯಿ ಒಂದು ಕ್ಲೀನಿಂಗ್‌ನ ಮುಂದೆ ಲೆಕ್ಕಕ್ಕೇ ಇಲ್ಲ. ಒಂದು ಬದಿ ಬಳಸಿದ, ಪಿನ್ ಇಲ್ಲದ, ಮಡಿಕೆ ಬೀಳದ ಹಾಳೆ ಸಾಕು. ಹಳದಿ ಗೆರೆಗಳು ಬಿಳಿ ಹಾಳೆಯಲ್ಲಿ ಕಣ್ಣಿಗೆ ಬೀಳುವುದಿಲ್ಲ, ನೀಲಿ ಬೆಳಕಿನಲ್ಲಿ ಹಿಡಿದರೆ ಎದ್ದು ಕಾಣುತ್ತವೆ. ಕನ್ನಡದ ಒಂದು ಪುಟವನ್ನೂ ಆಗಾಗ ತೆಗೆದು ನೋಡುವುದು ಒಳ್ಳೆಯದು. ಹೆಡ್ ಅಡ್ಡಡ್ಡ ಓಡುವುದರಿಂದ ಒಂದೆರಡು ನಾಜಲ್ ಕಟ್ಟಿಕೊಂಡರೆ ಸಾಲಿನುದ್ದಕ್ಕೂ ಕೂದಲೆಳೆಯಷ್ಟು ಬಿಳಿ ಬೀಳುತ್ತದೆ. ಇಂಗ್ಲಿಷ್ ಅಕ್ಷರ ಅದರಲ್ಲೂ ಓದಲು ಸಿಕ್ಕೀತು. ನಮ್ಮ ಲಿಪಿಯಲ್ಲಿ ಆ ಬಿಳಿ ಗೆರೆ ಅಕ್ಷರದ ಬುಡದಲ್ಲಿ ಹಾದರೆ ಧಕಾರದ ಸೀಳು ಅಳಿಸಿ ದಕಾರವಾಗುತ್ತದೆ, ಫಕಾರ ಪಕಾರವಾಗುತ್ತದೆ, ಒತ್ತಕ್ಷರ ತನ್ನ ಅಕ್ಷರದಿಂದ ಕಳಚಿ ನಿಲ್ಲುತ್ತದೆ. ಓದು ಕಲಿಯುತ್ತಿರುವ ಮಗುವಿನ ಕೈಗೆ ಹೋಗುವ ಹಾಳೆ ಅದು ಎನ್ನುವುದನ್ನು ಮರೆಯಬಾರದು.

ನಾಜಲ್ ಚೆಕ್‌ನಲ್ಲಿ ಗೆರೆ ತುಂಡಾಗಿದ್ದರೆ ಮಾತ್ರ ಕ್ಲೀನಿಂಗ್. ಒಮ್ಮೆ ಕೊಟ್ಟು ಮತ್ತೆ ನಾಜಲ್ ಚೆಕ್ ಮಾಡಬೇಕು. ಮೂರು ಸಲಕ್ಕೂ ಸರಿಹೋಗದಿದ್ದರೆ ನಿಲ್ಲಿಸಿ, ಬಟನ್ನಿನಿಂದ ಆರಿಸಿ, ರಾತ್ರಿಯಿಡೀ ಬಿಡಬೇಕು. ಒಣಗಿದ ಬಣ್ಣ ಮುಚ್ಚಳದ ತೇವಕ್ಕೆ ನೆನೆಯಲು, ಹೊಕ್ಕ ಗಾಳಿಗುಳ್ಳೆ ಮೇಲೇರಲು ಸಮಯ ಬೇಕು. ಬೆಳಿಗ್ಗೆ ಮತ್ತೊಮ್ಮೆ ನೋಡಿದರೆ ಎಷ್ಟೋ ಸಲ ಕೆಲವು ನಾಜಲ್‌ಗಳು ತಾವಾಗಿ ತೆರೆದಿರುತ್ತವೆ. ಸಿಟ್ಟಿನಲ್ಲಿ ಹತ್ತು ಸಲ ಒತ್ತಿದರೆ ಶಾಯಿ ಖಾಲಿಯಾಗುತ್ತದೆ, ಪ್ಯಾಡ್ ತುಂಬುತ್ತದೆ, ಹೆಡ್ ಹಾಗೆಯೇ ಇರುತ್ತದೆ. ಇಲ್ಲಿ ನಿಮ್ಮ ಪ್ರಿಂಟರ್ ಯಾವ ಜಾತಿಯದು ಎಂದು ತಿಳಿದಿರುವುದು ಮುಖ್ಯ. ಕೆಲವು ಕಾರ್ಟ್ರಿಜ್ ಮಾದರಿಗಳಲ್ಲಿ ಹೆಡ್ ಕಾರ್ಟ್ರಿಜ್‌ನ ತಳದಲ್ಲೇ ಇರುತ್ತದೆ. ಅದನ್ನು ಹೊರತೆಗೆದು, ಬೆಚ್ಚಗಿನ ಶುದ್ಧ ನೀರಿನಲ್ಲಿ ತೇವ ಮಾಡಿದ ನೂಲು ಬಿಡದ ಬಟ್ಟೆಯ ಮೇಲೆ ಒಂದೆರಡು ನಿಮಿಷ ಕೂರಿಸಿದರೆ ಶಾಯಿ ಇಳಿಯುತ್ತದೆ. ಆಗದಿದ್ದರೂ ಹೊಸ ಕಾರ್ಟ್ರಿಜ್ ಜೊತೆ ಹೊಸ ಹೆಡ್ ಬರುತ್ತದೆ. ಬಾಟಲಿಯಿಂದ ಶಾಯಿ ತುಂಬುವ, ಹೆಡ್ ಯಂತ್ರದೊಳಗೇ ಸ್ಥಿರವಾಗಿರುವ ಟ್ಯಾಂಕ್ ಮಾದರಿಗಳಲ್ಲಿ ಈ ಅನುಕೂಲವಿಲ್ಲ. ಅಂಥವುಗಳಿಗೆ ವಾರದ ಪುಟ ತಪ್ಪಿಸಲೇಬಾರದು. ಶಾಯಿ ಪೂರ್ತಿ ಮುಗಿಯುವವರೆಗೆ ಓಡಿಸುವುದೂ ಬೇಡ. ಬಿಸಿಯ ಹೆಡ್‌ಗಳಲ್ಲಿ ಹೀಟರ್‌ನ್ನು ತಣ್ಣಗಿಡುವುದು ಶಾಯಿಯೇ, ಅದಿಲ್ಲದೆ ಹೀಟರ್ ಸುಟ್ಟುಹೋಗಬಹುದು. ಟ್ಯಾಂಕ್ ಮಾದರಿಗಳಲ್ಲಿ ಕೊಳವೆಗೆ ಗಾಳಿ ಹೊಕ್ಕರೆ ಮತ್ತೆ ತುಂಬಿಸಲು ಶಾಯಿಯ ಹೊಳೆಯೇ ಹರಿಯಬೇಕು.

ವಾರಕ್ಕೊಂದು ಎಂದರೆ ವರ್ಷಕ್ಕೆ 52 ಹಾಳೆ, ಇದು ಪರಿಸರಕ್ಕೆ ಒಳ್ಳೆಯದೇ ಎಂದು ಕೇಳುವವರ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಬಳಸಿದ 52 ಹಾಳೆಗಳ ಹಿಂಬದಿಯನ್ನು, ಎರಡೇ ವರ್ಷಕ್ಕೆ ಕಸಕ್ಕೆ ಬೀಳುವ ಕಿಲೋಗಟ್ಟಲೆ ಪ್ಲಾಸ್ಟಿಕ್, ಲೋಹ, ಸರ್ಕ್ಯೂಟ್ ಬೋರ್ಡ್ ಜೊತೆಗಿಟ್ಟು ನೋಡಿ ಎನ್ನುವುದು ನನ್ನ ಉತ್ತರ. ನಿಜವಾದ ಉಳಿತಾಯಕ್ಕೆ ಬೇರೆ ಜಾಗಗಳಿವೆ. ಮುದ್ರಿಸುವ ಮುನ್ನ ಪ್ರಿವ್ಯೂ ನೋಡಿದರೆ ಹಾಳಾಗುವ ಪುಟಗಳು ಎಷ್ಟೋ ಉಳಿಯುತ್ತವೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಾದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ ಬರುತ್ತದೆ. ಟೈಪ್ ಮಾಡಿದವರಿಂದ ಪಿಡಿಎಫ್ ತರಿಸಿಕೊಳ್ಳುವುದೇ ಅದಕ್ಕೆ ಮದ್ದು. ಓದಿ ಎಸೆಯುವ ಪುಟಕ್ಕೆ ಡ್ರಾಫ್ಟ್ ಮೋಡ್ ಸಾಕು, ಆದರೆ ಸಣ್ಣ ಅಳತೆಯ ಕನ್ನಡಕ್ಕೆ ಅದು ಒಗ್ಗುವುದಿಲ್ಲ, ಒತ್ತುಗಳು ತೇಲಿಹೋಗುತ್ತವೆ. ಸಾದಾ ಹಾಳೆ ಹಾಕಿ ಫೋಟೋ ಪೇಪರ್ ಎಂದು ಆಯ್ಕೆ ಮಾಡಿದರೆ ಬೇಡದ ಶಾಯಿ ಸುರಿದು ಹಾಳೆ ನೆನೆಯುತ್ತದೆ. ಇನ್ನೊಂದನ್ನೂ ನೋಡಿಕೊಳ್ಳಿ: ನಿಮ್ಮ ಪ್ರಿಂಟರ್‌ನ ಕಪ್ಪು ಡೈ ಶಾಯಿಯೋ ಪಿಗ್ಮೆಂಟ್ ಶಾಯಿಯೋ? ಡೈ ನೀರಿನಲ್ಲಿ ಕರಗಿದ ಬಣ್ಣ, ಒಂದು ಮಳೆಹನಿ ಬಿದ್ದರೆ ಕದಡುತ್ತದೆ. ಪಹಣಿ, ಪರೀಕ್ಷೆಯ ಪ್ರವೇಶ ಪತ್ರದಂಥವನ್ನು ಅಂಥ ಪ್ರಿಂಟರ್‌ನಲ್ಲಿ ತೆಗೆದರೆ ಪ್ಲಾಸ್ಟಿಕ್ ಕವರಿನಲ್ಲೇ ಒಯ್ಯಬೇಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ. ವಾರವಾರ ನೆನಪಿಟ್ಟು ಉಪಚರಿಸಬೇಕಾದ ಯಂತ್ರ ಮನೆಗೆ ಯಾಕೆ? ಪುಟದ ಲೆಕ್ಕದಲ್ಲಿ ಕೊಟ್ಟು ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಬಹುದು, ಲೇಸರ್ ಕೊಳ್ಳಬಹುದು. ಡಿಜಿಲಾಕರ್ ಮೂಲಕ ಇಲಾಖೆಗಳೇ ನೀಡಿದ ದಾಖಲೆಗೆ 2016ರ ನಿಯಮಗಳ ಪ್ರಕಾರ ಮೂಲ ದಾಖಲೆಯಷ್ಟೇ ಮಾನ್ಯತೆ ಇರುವಾಗ ಮುದ್ರಿಸುವುದೇ ಯಾಕೆ? ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ, ಅದು ನನ್ನ ವಾದದ ಇನ್ನೊಂದು ಮುಖ. ತಿಂಗಳಿಗೆ ಒಂದೆರಡು ಪುಟ ಮುದ್ರಿಸುವ ಮನೆ ಇಂಕ್‌ಜೆಟ್ ಕೊಳ್ಳಬಾರದು. ಅಂಥವರಿಗೆ ಬೀದಿ ಮೂಲೆಯ ಅಂಗಡಿಯೇ ಅಗ್ಗ. ಬಣ್ಣ ಬೇಡ, ಅಕ್ಷರ ಸಾಕು ಎನ್ನುವವರಿಗೆ ಕಪ್ಪು-ಬಿಳುಪಿನ ಲೇಸರ್ ಸರಿ. ಅದರ ಟೋನರ್ ಒಣಪುಡಿ, ಆರು ತಿಂಗಳು ಸುಮ್ಮನಿದ್ದರೂ ಕಟ್ಟಿಕೊಳ್ಳುವುದಿಲ್ಲ. ಆದರೆ ಶಾಲೆಗೆ ಹೋಗುವ ಮಕ್ಕಳಿರುವ, ಬಣ್ಣದ ಚಿತ್ರ, ನಕ್ಷೆ, ಅಭ್ಯಾಸ ಹಾಳೆ ವಾರವಾರ ಬೇಕಾಗುವ ಮನೆಗೆ ಟ್ಯಾಂಕ್ ಇಂಕ್‌ಜೆಟ್‌ನಷ್ಟು ಅಗ್ಗವಾಗಿ ಬಣ್ಣ ಕೊಡುವ ಬೇರೆ ಯಂತ್ರವಿಲ್ಲ. ಎಪ್ಸನ್ 2010ರಲ್ಲಿ ಇಂಡೊನೇಷ್ಯಾದಲ್ಲಿ ಇಂಥ ಪ್ರಿಂಟರ್ ಹೊರತಂದದ್ದೇ ಜನ ಕಾರ್ಟ್ರಿಜ್‌ಗೆ ತಾವೇ ಕೊಳವೆ ಜೋಡಿಸಿ ಅಗ್ಗದ ಶಾಯಿ ತುಂಬಿಕೊಳ್ಳುತ್ತಿದ್ದ ಮಾರುಕಟ್ಟೆಯಲ್ಲಿ. 65 ಮಿಲಿಲೀಟರಿನ ಒಂದು ಕಪ್ಪು ಬಾಟಲಿಗೆ ಸುಮಾರು 4,500 ಪುಟ ಎಂದು ಕಂಪನಿಯೇ ಹೇಳುತ್ತದೆ. ಕೊಳ್ಳುವಾಗ ಕೇಳಿಕೊಳ್ಳಬೇಕಾದದ್ದು ಬೆಲೆ ಎಷ್ಟು ಎಂದಲ್ಲ, ನಮ್ಮ ಮನೆ ವಾರಕ್ಕೆ ಎಷ್ಟು ಮುದ್ರಿಸುತ್ತದೆ ಎಂದು. 2020ರ ಲಾಕ್‌ಡೌನ್‌ನಲ್ಲಿ ಆನ್‌ಲೈನ್ ತರಗತಿಗಾಗಿ ಅವಸರದಲ್ಲಿ ಕೊಂಡ ಪ್ರಿಂಟರ್‌ಗಳು ಶಾಲೆ ತೆರೆದ ಮೇಲೆ ಮೂಲೆ ಸೇರಿದ್ದು ಈ ಪ್ರಶ್ನೆಯನ್ನು ಕೇಳದ ಕಾರಣಕ್ಕೆ.

ತಪ್ಪೆಲ್ಲ ಬಳಕೆದಾರರ ತಲೆಗೆ ಕಟ್ಟುತ್ತಿದ್ದೀರಿ, ಲಾಭ ಮಾಡಿಕೊಳ್ಳುವ ಕಂಪನಿಗಳನ್ನು ಬಿಟ್ಟಿರಿ ಎಂದರೆ ಆ ಮಾತಿನಲ್ಲೂ ಸತ್ಯವಿದೆ. ಪ್ರಿಂಟರ್ ಅಗ್ಗಕ್ಕೆ ಮಾರಿ ಶಾಯಿಯಲ್ಲಿ ದುಡಿಯುವ ವ್ಯಾಪಾರ ಹಳೆಯದು, ಬೇರೆಯವರ ಕಾರ್ಟ್ರಿಜ್ ನಡೆಯದಂತೆ ಚಿಪ್ ಕಾವಲು ಹಾಕುವುದು ಅದರ ಮುಂದುವರಿಕೆ. ಈ ನಿರ್ಬಂಧವನ್ನು ಗ್ರಾಹಕರಿಗೆ ಸರಿಯಾಗಿ ತಿಳಿಸಲಿಲ್ಲ ಎಂದು ಇಟಲಿಯ ಸ್ಪರ್ಧಾ ಪ್ರಾಧಿಕಾರ 2020ರ ಡಿಸೆಂಬರ್‌ನಲ್ಲಿ ಎಚ್‌ಪಿಗೆ 1 ಕೋಟಿ ಯೂರೋ ದಂಡ ಹಾಕಿತು. ಬೇಗ ಹಾಳಾಗುವಂತೆ ಬೇಕೆಂದೇ ವಸ್ತು ತಯಾರಿಸುವುದನ್ನು ಅಪರಾಧವಾಗಿಸಿದ ಫ್ರಾನ್ಸಿನಲ್ಲಿ 2017ರಲ್ಲಿ ಪ್ರಿಂಟರ್ ಕಂಪನಿಗಳ ಮೇಲೆ ಗ್ರಾಹಕರ ಸಂಘಟನೆಯೊಂದು ದೂರು ಕೊಟ್ಟು, ಎಪ್ಸನ್ ವಿರುದ್ಧ ತನಿಖೆ ಶುರುವಾಯಿತು. ಹಾಗೆಂದು ಕಂಪನಿಯ ಮೇಲಿನ ಸಿಟ್ಟಿಗೆ ಸಿಕ್ಕ ಶಾಯಿ ತುಂಬುವುದು ಜಾಣತನವಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಪರ್ಯಾಯ ಶಾಯಿಗಳೆಲ್ಲ ಕಳಪೆ ಎಂದು ನಾನು ಹೇಳಲಾರೆ. ಹೆಡ್ ಕಾರ್ಟ್ರಿಜ್‌ನಲ್ಲೇ ಇರುವ ಮಾದರಿಗೆ ಅದನ್ನು ತುಂಬಿದರೆ ಕೆಟ್ಟರೂ ಕೆಡುವುದು ಒಂದು ಕಾರ್ಟ್ರಿಜ್. ಸ್ಥಿರ ಹೆಡ್‌ನ ಟ್ಯಾಂಕಿಗೆ, ಅದರಲ್ಲೂ ಡೈ ಇರುವಲ್ಲಿಗೆ ಪಿಗ್ಮೆಂಟ್ ಸುರಿದರೆ ಉಳಿದ ನೂರಿನ್ನೂರು ರೂಪಾಯಿಗೆ ಪ್ರಿಂಟರನ್ನೇ ಕಳೆದುಕೊಳ್ಳಬೇಕಾದೀತು. ಕಂಪನಿಯ ಹೊಣೆ ಬೇರೆ, ನಮ್ಮ ಕೈಲಿರುವುದು ಬೇರೆ. ಒಂದನ್ನು ತೋರಿಸಿ ಇನ್ನೊಂದನ್ನು ಬಿಡಬೇಕಿಲ್ಲ.

ಕಂಪನಿಗಳಿಂದ ನಾವು ಒತ್ತಾಯಿಸಿ ಪಡೆಯಬೇಕಾದದ್ದು ಎರಡು. ಮೊದಲನೆಯದು, ಪೆಟ್ಟಿಗೆಯ ಮೇಲೆ ಎಡೆಬಿಡದ ಮುದ್ರಣದ ಪುಟಲೆಕ್ಕದ ಜೊತೆಗೆ, ವಾರಕ್ಕೆ ಒಂದೆರಡು ಸಲ ಮಾತ್ರ ಬಳಸಿದರೆ ಅದೇ ಶಾಯಿಗೆ ಎಷ್ಟು ಪುಟ ಬರುತ್ತವೆ ಎಂಬ ಲೆಕ್ಕವೂ ಇರಬೇಕು. ಎರಡನೆಯದು ತಳದ ಆ ಪ್ಯಾಡ್. ಎಷ್ಟು ಶಾಯಿ ಪ್ಯಾಡ್‌ಗೆ ಹೋಯಿತೆಂದು ಪ್ರಿಂಟರ್ ಒಳಗೇ ಎಣಿಸುತ್ತಿರುತ್ತದೆ. ಎಣಿಕೆ ಮಿತಿ ಮುಟ್ಟಿದರೆ ಹೆಡ್, ಮೋಟಾರು, ಶಾಯಿ ಎಲ್ಲ ಸರಿಯಿದ್ದರೂ ಮುದ್ರಿಸಲು ನಿರಾಕರಿಸುತ್ತದೆ. ಹೊಸ ಹಲವು ಮಾದರಿಗಳಲ್ಲಿ ಬಳಕೆದಾರರೇ ಒಂದು ಪೆಟ್ಟಿಗೆ ಎಳೆದು ಹೊಸದನ್ನು ದೂಡುವಂತೆ ಮಾಡಿದ್ದಾರೆ, ಅಂದರೆ ಅದು ಸಾಧ್ಯವಿಲ್ಲದ ಕೆಲಸವಲ್ಲ. ಉಳಿದ ಮಾದರಿಗಳಿಗೂ ಅದು ಬರಲಿ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರೈಟ್ ಟು ರಿಪೇರ್ ಪೋರ್ಟಲ್ ತೆರೆದಿದೆ, ಆದರೆ ಪೋರ್ಟಲ್ ಕಾನೂನಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಪ್ರಿಂಟರ್ ಮತ್ತು ಕಾರ್ಟ್ರಿಜ್ ಎರಡೂ ಸೇರಿವೆ, ಅವುಗಳ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಲಾಗಿದೆ. ಸತ್ತ ಯಂತ್ರದ ವಿಲೇವಾರಿಗೆ ತಯಾರಕರನ್ನು ಹೊಣೆ ಮಾಡಿರುವ ಸರ್ಕಾರ, ತುಂಬಿದ ಒಂದು ಸ್ಪಂಜಿನ ಕಾರಣಕ್ಕೆ ಸುಸ್ಥಿತಿಯ ಪ್ರಿಂಟರ್ ಗುಜರಿಗೆ ಹೋಗದಂತೆಯೂ ಅವರನ್ನು ಹೊಣೆ ಮಾಡಬೇಕು. ಪ್ಯಾಡ್, ಮುಚ್ಚಳ, ಹೆಡ್ ಈ ಮೂರು ಬಿಡಿಭಾಗಗಳು ಬೆಲೆಪಟ್ಟಿಯ ಸಮೇತ ತಾಲ್ಲೂಕು ಮಟ್ಟದ ರಿಪೇರಿ ಅಂಗಡಿಗೂ ಸಿಗುವಂತೆ ನಿಯಮದಲ್ಲೇ ಬರೆಯಬೇಕು.